ಮಾರ್ಕರ್ ಕಾಣೆಯಾದಾಗ: ನಡಿಗೆ ವಿಶ್ಲೇಷಣೆಯಲ್ಲಿ ಗ್ಯಾಪ್ ತುಂಬುವ ಸಮಗ್ರ ಮಾರ್ಗದರ್ಶಿ

ಕಳೆದ ಬೇಸಿಗೆಯಲ್ಲಿ ಕುಂದಗೋಳದ ಕಡೆಯಿಂದ 9 ವರ್ಷದ ಹುಡುಗನೊಬ್ಬ ಹುಬ್ಬಳ್ಳಿಯ ನಮ್ಮ ನಡಿಗೆ ವಿಶ್ಲೇಷಣೆ ಲ್ಯಾಬ್‌ಗೆ ಬಂದಿದ್ದ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಚಲನೆಗೆ ಅಡ್ಡಿಯಾಗುವ ಸ್ಥಿತಿ), ಎಡ ಮೊಣಕಾಲು ಬಿಗಿ. ಮೈಮೇಲೆ ಮಾರ್ಕರ್, ಅಂದರೆ ಕ್ಯಾಮೆರಾಗಳು ಹಿಂಬಾಲಿಸುವ ಚಿಕ್ಕ ಗುಂಡುಗಳನ್ನು ಅಂಟಿಸಿ ಎಂಟು ಸಲ ನಡೆಸಿದೆವು; ಒಂದೊಂದು ಸಲವೂ ಒಂದು ಟ್ರಯಲ್. ಸಂಜೆ ಡೇಟಾ ತೆರೆದು ನೋಡಿದರೆ, ಆರು ಟ್ರಯಲ್‌ಗಳಲ್ಲಿ ಎಡ ಮೊಣಕಾಲಿನ ಮಾರ್ಕರ್ ಸುಮಾರು 22 ಫ್ರೇಮ್ (ಕ್ಯಾಮೆರಾ ತೆಗೆಯುವ ಒಂದೊಂದು ಚಿತ್ರ ಒಂದು ಫ್ರೇಮ್) ಕಾಣೆಯಾಗಿತ್ತು. ಅದೂ ಕಾಲು ಗಾಳಿಯಲ್ಲಿದ್ದಾಗ, ಮೊಣಕಾಲು ಅತಿ ಹೆಚ್ಚು ಮಡಚುವ ಹೊತ್ತಿನಲ್ಲೇ.

ಸಾಫ್ಟ್‌ವೇರ್‌ನಲ್ಲಿ ಒಂದು ಬಟನ್ ಒತ್ತಿದರೆ ಎಲ್ಲ ಗ್ಯಾಪ್, ಅಂದರೆ ಮಾರ್ಕರ್ ಕಾಣದ ಖಾಲಿ ಜಾಗಗಳನ್ನು, ಅದೇ ತುಂಬಿಬಿಡುತ್ತದೆ. ಒತ್ತಿದೆ. ಗ್ರಾಫ್ ನುಣುಪಾಗಿ ಬಂತು. ಎಡ ಮೊಣಕಾಲು ಹೆಚ್ಚೆಂದರೆ 38 ಡಿಗ್ರಿ ಮಡಚುತ್ತದೆ ಎಂದು ತೋರಿಸಿತು. ಗ್ಯಾಪ್ ಇಲ್ಲದ ಉಳಿದ ಎರಡು ಟ್ರಯಲ್‌ಗಳಲ್ಲಿ ಅದೇ ಮೊಣಕಾಲು 47 ಡಿಗ್ರಿ ಮಡಚಿತ್ತು.

ಒಂಬತ್ತು ಡಿಗ್ರಿ ಸಣ್ಣ ವ್ಯತ್ಯಾಸ ಅಲ್ಲ. ಸಾಮಾನ್ಯ ನಡಿಗೆಯಲ್ಲಿ ಈ ಶಿಖರ, ಅಂದರೆ ಮೊಣಕಾಲು ಅತಿ ಹೆಚ್ಚು ಮಡಚಿದಾಗಿನ ಕೋನ, ಸುಮಾರು 60 ಡಿಗ್ರಿ ಇರುತ್ತದೆ. ಬಿಗಿ ಮೊಣಕಾಲಿನ ಮಕ್ಕಳಿಗೆ ತೊಡೆಯ ಮುಂದಿನ ಸ್ನಾಯುವನ್ನು ಬಿಡಿಸಿ ಬೇರೆಡೆ ಜೋಡಿಸುವ ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂದು ಸರ್ಜನ್ ಯೋಚಿಸುವಾಗ ನೋಡುವ ಸಂಖ್ಯೆಗಳಲ್ಲಿ ಇದೂ ಒಂದು. ನಾವು ಕಂಪ್ಯೂಟರ್ ಮುಂದೆ ಕೂತು ತುಂಬಿದ ಗೆರೆಯ ಮೇಲೆ ಒಂದು ಮಗುವಿನ ಕಾಲಿನ ನಿರ್ಧಾರ ನಿಲ್ಲಬಹುದು.

ಹುಬ್ಬಳ್ಳಿ-ಧಾರವಾಡದಲ್ಲಿ ಫಿಸಿಯೋಥೆರಪಿ ಓದುವವರೂ ಇದ್ದಾರೆ, ಎಂಜಿನಿಯರಿಂಗ್ ಓದುವವರೂ ಇದ್ದಾರೆ. ಇಬ್ಬರೂ ಈ ಕೆಲಸಕ್ಕೆ ಕೈ ಹಾಕುತ್ತಿದ್ದಾರೆ. ಇಬ್ಬರಿಗೂ ಅರ್ಥವಾಗಲಿ ಎಂದು ಇದನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗ್ಯಾಪ್ ಎಷ್ಟು ಉದ್ದ ಅನ್ನುವುದಕ್ಕಿಂತ, ಅದು ಹೆಜ್ಜೆಯ ಯಾವ ಹೊತ್ತಿನಲ್ಲಿ ಬಿದ್ದಿದೆ ಅನ್ನುವುದು ಮುಖ್ಯ.

ಮಾರ್ಕರ್ ಹೋಗುವುದು ಎಲ್ಲಿಗೆ?

ಮಾರ್ಕರ್ ಅಂದರೆ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುವ ಚಿಕ್ಕ ಗುಂಡು. ನಡಿಗೆಗೆ 14 ಮಿಮೀ ಅಥವಾ 9.5 ಮಿಮೀ ವ್ಯಾಸದ್ದನ್ನು ಜಾಸ್ತಿ ಬಳಸುತ್ತಾರೆ. ಸುತ್ತಲಿನ ಇನ್‌ಫ್ರಾರೆಡ್ ಕ್ಯಾಮೆರಾಗಳು ಅದನ್ನು ಸೆಕೆಂಡಿಗೆ 100 ಅಥವಾ 200 ಸಲ ನೋಡುತ್ತವೆ. ಒಂದು ಮಾರ್ಕರ್ ಎಲ್ಲಿದೆ ಎಂದು ಲೆಕ್ಕ ಹಾಕಲು ಕನಿಷ್ಠ ಎರಡು ಕ್ಯಾಮೆರಾಗಳಿಗೆ ಅದು ಒಟ್ಟಿಗೆ ಕಾಣಬೇಕು. ಒಂದಕ್ಕೇ ಕಂಡರೆ ಆ ಫ್ರೇಮ್ ಖಾಲಿ. ಆ ಖಾಲಿ ಜಾಗವೇ ಗ್ಯಾಪ್.

ಅಡ್ಡ ಬರುವುದು ಸಾಮಾನ್ಯವಾಗಿ ನಡೆಯುವವರ ಮೈಯೇ. ಬೀಸುವ ಕೈ ಸೊಂಟದ ಮುಂದಿನ ಮಾರ್ಕರನ್ನು ಮುಚ್ಚುತ್ತದೆ. ಹೊಟ್ಟೆ ಇದ್ದವರು ಸ್ವಲ್ಪ ಬಾಗಿದರೂ ಅದೇ ಮಾರ್ಕರ್ ಹೋಗುತ್ತದೆ. ಕಾಲು ಕತ್ತರಿಯಂತೆ ಅಡ್ಡ ಬೀಳುವ ಮಕ್ಕಳಲ್ಲಿ ಮೊಣಕಾಲಿನ ಒಳಬದಿಯದು ಹೋಗುತ್ತದೆ. ಊರುಗೋಲು, ವಾಕರ್, ಪಕ್ಕದಲ್ಲಿ ನಡೆಯುವ ಫಿಸಿಯೋ ಎಲ್ಲವೂ ಅಡ್ಡ ಬರುತ್ತವೆ. ಆ ಹುಡುಗನ ವಿಷಯದಲ್ಲಿ ಅಡ್ಡ ಬಂದದ್ದು ತಾಯಿಯ ಸೀರೆ. ಅವರು ಎಡಗಡೆ ಮಗನ ಕೈ ಹಿಡಿದು ನಡೆಯುತ್ತಿದ್ದರು. ಹೆಜ್ಜೆ ಇಟ್ಟಾಗಲೆಲ್ಲ ನೆರಿಗೆ ಮುಂದೆ ಬಂದು ಮಾರ್ಕರನ್ನು ಮುಚ್ಚುತ್ತಿತ್ತು. "ಕೈ ಬಿಟ್ರ ಬೀಳ್ತಾನ್ರೀ ಸರ್" ಎಂದು ಅವರು ಹೇಳಿದ್ದರು. ಅದು ನಿಜವೇ ಆಗಿತ್ತು.

ಇನ್ನೊಂದು ಬಗೆ ಇದೆ. ಅದರಲ್ಲಿ ಮಾರ್ಕರ್ ಕಾಣೆಯಾಗುವುದಿಲ್ಲ, ಇಲ್ಲದ ಮಾರ್ಕರ್ ಹುಟ್ಟಿಕೊಳ್ಳುತ್ತದೆ. ಬೆಳ್ಳಿ ಕಾಲ್ಗೆಜ್ಜೆ, ಕಾಲುಂಗುರ, ಸ್ಪೋರ್ಟ್ಸ್ ಶೂ ಹಿಂದಿನ ಹೊಳೆಯುವ ಪಟ್ಟಿ, ಕಿಟಕಿಯಿಂದ ಬೀಳುವ ಬಿಸಿಲು. ಕ್ಯಾಮೆರಾಗೆ ಇವೆಲ್ಲ ಮಾರ್ಕರ್ ಥರವೇ ಕಾಣಬಹುದು. ಆಗ ನಿಜವಾದ ಮಾರ್ಕರಿನ ಹೆಸರು ಹೋಗಿ ಕಾಲುಂಗುರಕ್ಕೆ ಕೂತುಬಿಡುತ್ತದೆ.

ನಡೆಸುವ ಮೊದಲು

ಗ್ಯಾಪ್ ತುಂಬುವ ಅತ್ಯುತ್ತಮ ವಿಧಾನ ಅದು ಬೀಳದಂತೆ ನೋಡಿಕೊಳ್ಳುವುದು. ಕಾಲುಂಗುರ, ಗೆಜ್ಜೆ ತೆಗೆಯಿರಿ ಎಂದು ಒತ್ತಾಯ ಮಾಡಬೇಡಿ. ಎಷ್ಟೋ ಹೆಂಗಸರಿಗೆ ಅದು ಮನಸ್ಸಿಗೆ ನೋವು ಕೊಡುವ ಮಾತು. ಮೇಲೆ ಕಾಗದದ ವೈದ್ಯಕೀಯ ಟೇಪ್ ಸುತ್ತಿದರೆ ಸಾಕು. ಶೂ ಪಟ್ಟಿಗೆ ಕಪ್ಪು ಟೇಪ್ ಹಾಕಿ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಬೆವರಿಗೆ ಅಂಟು ಬಿಡುತ್ತದೆ. ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಅಂಟಿಸಿ.

ಹೆಚ್ಚುವರಿ ಮಾರ್ಕರ್ ಹಾಕಿ. ಸೊಂಟಕ್ಕೆ ಮುಂದೆ ಎರಡು, ಹಿಂದೆ ಎರಡು ಹಾಕುವುದು ರೂಢಿ. ಅದರ ಜೊತೆ ಎರಡೂ ಬದಿಯ ಸೊಂಟದ ಏಣಿನ ಮೇಲೆ ಒಂದೊಂದು ಹಾಕಿದರೆ ಮುಂದಿನದು ಹೋದಾಗ ಕೈ ಹಿಡಿಯುತ್ತದೆ. ತೊಡೆಗೂ ಮೊಣಕಾಲ ಕೆಳಭಾಗಕ್ಕೂ ಒಂದು ಗಟ್ಟಿ ಪಟ್ಟಿಯ ಮೇಲೆ ನಾಲ್ಕು ಮಾರ್ಕರ್ ಕೂರಿಸಿ ಕಟ್ಟುವುದು ಇನ್ನೂ ಒಳ್ಳೆಯದು. ಹಾಕಲು ಐದು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ನಾನು ತಡವಾಗಿ ಕಲಿತ ಇನ್ನೊಂದು ಅಭ್ಯಾಸ ಇದೆ. ಪ್ರತಿ ಟ್ರಯಲ್ ಮುಗಿದ ಕೂಡಲೇ ಗ್ಯಾಪ್ ನೋಡಿ. ಸಂಜೆಗೆ ಬಿಡಬೇಡಿ. ಬೆಟಗೇರಿಯ ಮಗ್ಗದಲ್ಲಿ ಎಳೆ ಹರಿದರೆ ನೇಕಾರರು ಅಲ್ಲೇ ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾರೆ, ಸೀರೆ ಮುಗಿದ ಮೇಲೆ ನೋಡಿದರಾಯಿತು ಅನ್ನುವುದಿಲ್ಲ. ಮನುಷ್ಯರು ಇನ್ನೂ ಲ್ಯಾಬ್‌ನಲ್ಲೇ ಇರುವಾಗ ಮತ್ತೊಮ್ಮೆ ನಡೆಸುವುದು ಎರಡು ನಿಮಿಷದ ಕೆಲಸ. ಅವರು ಬಸ್ಸು ಹತ್ತಿ ಊರಿಗೆ ಹೋದ ಮೇಲೆ ಅದು ಒಂದು ದಿನದ ಕೂಲಿ.

ಹಂತ 1: ಮೂಲ ಫೈಲ್ ಎತ್ತಿಡಿ, ಹೆಸರು ಸರಿಮಾಡಿ

ಮೂಲ ಫೈಲಿನ ಒಂದು ಪ್ರತಿ ತೆಗೆದು ಬೇರೆ ಕಡೆ ಇಡಿ. ಅದನ್ನು ಎಂದೂ ಮುಟ್ಟಬೇಡಿ.

ಆಮೇಲೆ ಮಾರ್ಕರ್‌ಗಳ ಹೆಸರು ನೋಡಿ. ಎಷ್ಟೋ ಸಲ ಗ್ಯಾಪ್ ಅಂದುಕೊಂಡದ್ದು ಗ್ಯಾಪ್ ಆಗಿರುವುದೇ ಇಲ್ಲ. ಮಾರ್ಕರ್ ಒಂದು ಕ್ಷಣ ಮರೆಯಾಗಿ ವಾಪಸ್ ಬಂದಾಗ ಸಾಫ್ಟ್‌ವೇರ್ ಅದನ್ನು ಹೊಸದು ಎಂದುಕೊಂಡು ಹೆಸರಿಲ್ಲದೆ ಬಿಟ್ಟಿರುತ್ತದೆ. ಹೆಸರಿಲ್ಲದ ತುಂಡುಗಳನ್ನೆಲ್ಲ ತೆರೆದು ನೋಡಿ. ನಿಮ್ಮ ಕಳೆದುಹೋದ 30 ಫ್ರೇಮ್‌ನಲ್ಲಿ 20 ಅಲ್ಲೇ ಸಿಗಬಹುದು. ಎರಡು ಕಾಲು ಒಂದನ್ನೊಂದು ದಾಟುವ ಜಾಗದಲ್ಲಿ ಎಡಬಲ ಅದಲುಬದಲಾಗಿದೆಯಾ ನೋಡಿ. ಅದಲುಬದಲಾದ ಮಾರ್ಕರ್ ಮೇಲೆ ಗ್ಯಾಪ್ ತುಂಬಿದರೆ ತಪ್ಪಿನ ಮೇಲೆ ತಪ್ಪು ಕೂರುತ್ತದೆ.

ಪೈಥಾನ್‌ನಲ್ಲಿ (ಇದೊಂದು ಪ್ರೋಗ್ರಾಮಿಂಗ್ ಭಾಷೆ) ಕೆಲಸ ಮಾಡುವವರು ಒಂದು ವಿಷಯ ನೆನಪಿಡಿ. ನಡಿಗೆ ಲ್ಯಾಬ್‌ಗಳು ಜಾಸ್ತಿ ಬಳಸುವ ಸಿ3ಡಿ ಫೈಲಿನಲ್ಲಿ ಪ್ರತಿ ಮಾರ್ಕರಿನ ಮೂರು ಅಳತೆಗಳ ಜೊತೆ ರೆಸಿಡ್ಯುಯಲ್ ಎಂಬ ನಾಲ್ಕನೆಯ ಸಂಖ್ಯೆ ಇರುತ್ತದೆ. ಅದು ಮೈನಸ್ 1 ಇದ್ದರೆ ಮಾರ್ಕರ್ ಕಂಡಿಲ್ಲ ಎಂದರ್ಥ. ಆಗ ಅಳತೆಗಳ ಜಾಗದಲ್ಲಿ ಸೊನ್ನೆ ಬರೆದಿರುವುದು ಸಾಮಾನ್ಯ. ಅದನ್ನು ಹಾಗೇ ಓದಿಕೊಂಡರೆ ಕಂಪ್ಯೂಟರ್‌ಗೆ ಮೊಣಕಾಲು ಒಂದೇ ಫ್ರೇಮಿನಲ್ಲಿ ಲ್ಯಾಬಿನ ಮೂಲಬಿಂದುವಿಗೆ ಜಿಗಿದು ವಾಪಸ್ ಬಂದಂತೆ. ಮೊದಲ ಸಾಲಿನ ಕೋಡಿನಲ್ಲೇ ಅಂಥ ಸೊನ್ನೆಗಳನ್ನೆಲ್ಲ ಖಾಲಿ ಎಂದು ಗುರುತು ಮಾಡಿ.

ಹಂತ 2: ಗ್ಯಾಪ್ ಎಲ್ಲಿ ಬಿದ್ದಿದೆ?

ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಗ್ಯಾಪ್‌ಗೆ ಒಂದು ಸಾಲು: ಯಾವ ಮಾರ್ಕರ್, ಯಾವ ಫ್ರೇಮಿನಿಂದ ಯಾವ ಫ್ರೇಮಿಗೆ, ಹೆಜ್ಜೆಯ ಯಾವ ಹೊತ್ತು, ಏನು ಅಡ್ಡ ಬಂತು.

"10 ಫ್ರೇಮ್ ಒಳಗಿದ್ದರೆ ತುಂಬಬಹುದು" ಎಂಬ ನಿಯಮ ನೀವು ಕೇಳಿರುತ್ತೀರಿ. ಇದನ್ನು ಹಾಗೇ ನಂಬಬೇಡಿ. ಸೆಕೆಂಡಿಗೆ 100 ಫ್ರೇಮ್ ಇದ್ದರೆ 10 ಫ್ರೇಮ್ ಅಂದರೆ 0.1 ಸೆಕೆಂಡ್, 200 ಇದ್ದರೆ 0.05 ಸೆಕೆಂಡ್. ಫ್ರೇಮ್ ಬಿಟ್ಟು ಸಮಯದಲ್ಲಿ ಯೋಚಿಸಿ. ದೊಡ್ಡವರ ಆರಾಮ ನಡಿಗೆಯಲ್ಲಿ ಒಂದು ಪೂರ್ತಿ ಆವರ್ತ, ಅಂದರೆ ಒಂದು ಹಿಮ್ಮಡಿ ನೆಲ ಮುಟ್ಟಿ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗೆ, ಸುಮಾರು ಒಂದು ಸೆಕೆಂಡ್. ಹಾಗಾಗಿ 100 ಫ್ರೇಮ್ ಲೆಕ್ಕದಲ್ಲಿ ಒಂದು ಫ್ರೇಮ್ ಅಂದರೆ ಹೆಚ್ಚುಕಡಿಮೆ ಆವರ್ತದ ಶೇ 1. ಮೊದಲ ಶೇ 60 ಕಾಲು ನೆಲದ ಮೇಲೆ, ಉಳಿದ ಶೇ 40 ಗಾಳಿಯಲ್ಲಿ.

ಈಗ ಹಿಮ್ಮಡಿಯ ಮಾರ್ಕರ್ ನೋಡಿ. ಪಾದ ನೆಲದ ಮೇಲೆ ಸಮನಾಗಿ ಕೂತಾಗ ಅದು ಬಹುತೇಕ ಅಲುಗುವುದೇ ಇಲ್ಲ. ಅಲ್ಲಿ 15 ಫ್ರೇಮ್ ಹೋದರೂ ಚಿಂತೆಯಿಲ್ಲ, ಸರಳ ಗೆರೆ ಎಳೆದರೂ ನಡೆಯುತ್ತದೆ. ಅದೇ ಮಾರ್ಕರ್ ಹಿಮ್ಮಡಿ ನೆಲಕ್ಕೆ ಬಡಿಯುವ ಕ್ಷಣದಲ್ಲಿ 5 ಫ್ರೇಮ್ ಹೋದರೆ ದೊಡ್ಡ ತಲೆನೋವು. ವೇಗವಾಗಿ ಬರುತ್ತಿದ್ದದ್ದು ತಟ್ಟನೆ ನಿಂತ ಕ್ಷಣ ಅದು. ಆ ತಟ್ಟನೆ ಅನ್ನುವುದು ಗ್ಯಾಪ್‌ನ ಎರಡು ತುದಿಗಳಲ್ಲಿ ಎಲ್ಲೂ ಬರೆದಿಲ್ಲ. ಫೋರ್ಸ್ ಪ್ಲೇಟ್ (ಹೆಜ್ಜೆ ನೆಲವನ್ನು ಒತ್ತುವ ಬಲ ಅಳೆಯುವ ಫಲಕ) ಇಲ್ಲದ ಲ್ಯಾಬ್‌ಗಳಲ್ಲಿ ಹೆಜ್ಜೆ ಶುರುವಾದ ಕ್ಷಣವನ್ನು ಇದೇ ಮಾರ್ಕರಿನಿಂದ ಹಿಡಿಯುತ್ತಾರೆ. ಅದು ಸರಿದರೆ ಹೆಜ್ಜೆಯ ಸಮಯ, ಉದ್ದ ಎಲ್ಲವೂ ಸರಿಯುತ್ತವೆ.

ಹಾಳೆಯಲ್ಲಿ ಮೂರು ಜಾಗಗಳಿಗೆ ಕೆಂಪು ಗುರುತು ಹಾಕಿ: ಹಿಮ್ಮಡಿ ಬಡಿಯುವ ಹೊತ್ತು, ಕಾಲ್ಬೆರಳು ನೆಲ ಬಿಡುವ ಹೊತ್ತು, ಮತ್ತು ನೀವು ವರದಿಯಲ್ಲಿ ಬರೆಯಬೇಕಾದ ಯಾವುದೇ ಕೋನದ ಶಿಖರ. ಕೆಂಪಿನಲ್ಲಿ ಬಿದ್ದ ಗ್ಯಾಪ್ ಚಿಕ್ಕದಿದ್ದರೂ ದೊಡ್ಡದೇ.

ಹಂತ 3: ತುಂಬುವುದು

ಮೊದಲು ಗ್ಯಾಪ್‌ನ ಅಂಚು ಕತ್ತರಿಸಿ. ಮಾರ್ಕರ್ ಮರೆಯಾಗುವ ಮುಂಚಿನ ಎರಡು ಮೂರು ಫ್ರೇಮ್‌ಗಳಲ್ಲಿ ಅದು ಅರ್ಧಂಬರ್ಧ ಕಂಡಿರುತ್ತದೆ. ಗುಂಡಿನ ಅರ್ಧ ಮಾತ್ರ ಕಂಡರೆ ಕ್ಯಾಮೆರಾ ಅದರ ನಡುವನ್ನು ತಪ್ಪು ಅಳೆಯುತ್ತದೆ. ಗೆರೆಯಲ್ಲಿ ಒಂದು ಚಿಕ್ಕ ಕೊಕ್ಕೆ ಕಾಣುತ್ತದೆ. ಸ್ಪ್ಲೈನ್ ವಿಧಾನ (ಏನೆಂದು ಕೆಳಗೇ ಹೇಳಿದ್ದೇನೆ) ಆ ಕೊಕ್ಕೆಯ ದಿಕ್ಕನ್ನೇ ನಂಬಿ ಹೊರಡುತ್ತದೆ, ಗ್ಯಾಪ್ ಉದ್ದಕ್ಕೂ ತಪ್ಪು ದಾರಿ ಹಿಡಿಯುತ್ತದೆ. ಗ್ಯಾಪ್ ನಾಲ್ಕು ಫ್ರೇಮ್ ದೊಡ್ಡದಾದರೂ ಪರವಾಗಿಲ್ಲ, ಕೊಕ್ಕೆ ತೆಗೆಯಿರಿ.

*ಸ್ಪ್ಲೈನ್.* ಎರಡೂ ಕಡೆಯ ಗೆರೆ ನೋಡಿ ನಡುವೆ ನುಣುಪಾದ ವಕ್ರರೇಖೆ ಹಾಕುತ್ತದೆ. ಚಿಕ್ಕ ಗ್ಯಾಪ್, ಶಾಂತ ಜಾಗ ಆದರೆ ಇದೇ ಸಾಕು. ಶಿಖರದ ಮೇಲೆ, ಬಡಿತದ ಮೇಲೆ ಬೇಡ. ಟ್ರಯಲ್‌ನ ಶುರುವಿನಲ್ಲಿ ಅಥವಾ ಕೊನೆಯಲ್ಲಿ ಮಾರ್ಕರ್ ಇಲ್ಲದಿದ್ದರೆ ಬೇಡವೇ ಬೇಡ. ಅಲ್ಲಿ ಒಂದೇ ತುದಿ ಇರುತ್ತದೆ, ಆ ಕಡೆ ಹಿಡಿಯಲು ಏನೂ ಇರುವುದಿಲ್ಲ. ಅಂಥ ಫ್ರೇಮ್‌ಗಳನ್ನು ಬಿಟ್ಟುಬಿಡಿ.

*ಪ್ಯಾಟರ್ನ್ ಫಿಲ್.* ಅದೇ ಭಾಗದ ಪಕ್ಕದ ಮಾರ್ಕರ್ ಹೇಗೆ ಚಲಿಸಿತೋ ಹಾಗೆ ಇದನ್ನೂ ಚಲಿಸಿ, ಎರಡೂ ತುದಿಗೆ ಕೂಡಿಸುವುದು. ಹಿಮ್ಮಡಿ ಹೋದರೆ ಅದೇ ಪಾದದ ಮುಂಭಾಗದ ಮಾರ್ಕರ್‌ನಿಂದ ಸಾಲ ತೆಗೆದುಕೊಳ್ಳಿ. ಸಾಲ ಕೊಡುವವರು ಅದೇ ಭಾಗದವರೇ ಆಗಿರಲಿ. ಮೊಣಕಾಲಿಗೆ ಸೊಂಟದಿಂದ ಸಾಲ ತಂದರೆ ನಡುವೆ ಒಂದು ಕೀಲು ಇದೆ ಅನ್ನುವುದನ್ನೇ ಮರೆತಂತೆ.

*ರಿಜಿಡ್ ಬಾಡಿ.* ಮೈಯ ಒಂದು ಭಾಗವನ್ನು ಗಟ್ಟಿ ವಸ್ತು ಎಂದುಕೊಂಡು, ಅದರ ಮೇಲೆ ಉಳಿದ ಮಾರ್ಕರ್‌ಗಳಿಂದ ಕಾಣೆಯಾದದ್ದರ ಜಾಗ ಲೆಕ್ಕ ಹಾಕುವುದು. ಇದರ ಮೇಲೆ ನನಗೆ ಹೆಚ್ಚು ನಂಬಿಕೆ. ಆದ್ದರಿಂದ ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸುತ್ತೇನೆ.

ಸೊಂಟದಲ್ಲಿ ನಾಲ್ಕು ಮಾರ್ಕರ್ ಇವೆ ಅಂದುಕೊಳ್ಳಿ. ಕೈ ಅಡ್ಡ ಬಂದು ಮುಂದಿನ ಎಡ ಮಾರ್ಕರ್ 212ನೇ ಫ್ರೇಮಿನಿಂದ 225ರವರೆಗೆ, ಒಟ್ಟು 14 ಫ್ರೇಮ್ ಹೋಗಿದೆ. ಉಳಿದ ಮೂರು ಕಾಣುತ್ತಿವೆ. ಸೊಂಟದ ಮೂಳೆ ಗಟ್ಟಿ, ಆದ್ದರಿಂದ ನಾಲ್ಕೂ ಮಾರ್ಕರ್‌ಗಳ ನಡುವಿನ ಜೋಡಣೆ ಹೆಚ್ಚು ಬದಲಾಗುವುದಿಲ್ಲ.

ನಾಲ್ಕೂ ಚೆನ್ನಾಗಿ ಕಂಡ ಒಂದು ಫ್ರೇಮ್ ಆರಿಸಿ. ಹಿಂದಿನ ಬಲ ಮಾರ್ಕರನ್ನು ಮೂಲ ಎಂದುಕೊಳ್ಳಿ. ಅಲ್ಲಿಂದ ಹಿಂದಿನ ಎಡಕ್ಕೆ ಹೋಗುವ ಗೆರೆ ಮೊದಲ ಅಕ್ಷ. ಮೂಲದಿಂದ ಮುಂದಿನ ಬಲಕ್ಕೆ ಇನ್ನೊಂದು ಗೆರೆ. ಈ ಎರಡರ ಕ್ರಾಸ್ ಪ್ರಾಡಕ್ಟ್ ತೆಗೆದರೆ ಎರಡಕ್ಕೂ ಲಂಬವಾದ ಅಕ್ಷ ಸಿಗುತ್ತದೆ. ಅದರಿಂದ ಮತ್ತು ಮೊದಲನೆಯದರಿಂದ ಉಳಿದ ಅಕ್ಷ. ಮೂರಕ್ಕೂ ಉದ್ದ 1 ಮಾಡಿ. ಈಗ ಸೊಂಟಕ್ಕೇ ಅಂಟಿದ ಒಂದು ಚೌಕಟ್ಟು ಸಿಕ್ಕಿತು. ಈ ಚೌಕಟ್ಟಿನಲ್ಲಿ ಮುಂದಿನ ಎಡ ಮಾರ್ಕರ್ ಎಲ್ಲಿದೆ ಎಂದು ಮೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ 212ರಿಂದ 225ರವರೆಗೆ ಪ್ರತಿ ಫ್ರೇಮಿನಲ್ಲೂ ಉಳಿದ ಮೂರರಿಂದ ಅದೇ ಚೌಕಟ್ಟು ಕಟ್ಟಿ, ಆ ಮೂರು ಸಂಖ್ಯೆ ಇಟ್ಟು, ಮಾರ್ಕರ್ ಇರಬೇಕಾದ ಜಾಗ ಲೆಕ್ಕ ಹಾಕಿ.

ಇಷ್ಟಕ್ಕೇ ಬಿಟ್ಟರೆ 211ರಿಂದ 212ಕ್ಕೆ ಗೆರೆ ಸ್ವಲ್ಪ ಜಿಗಿಯುತ್ತದೆ. ಮೂಳೆ ಗಟ್ಟಿ, ಆದರೆ ಮಾರ್ಕರ್ ಕೂತಿರುವುದು ಚರ್ಮದ ಮೇಲೆ, ಚರ್ಮ ಜಾರುತ್ತದೆ. ಹಾಗಾಗಿ ಮಾರ್ಕರ್ ಕಂಡ ಕೊನೆಯ ಫ್ರೇಮ್ 211ರಲ್ಲೂ ಇದೇ ಲೆಕ್ಕ ಹಾಕಿ, ನಿಜವಾದ ಜಾಗಕ್ಕೂ ಲೆಕ್ಕದ ಜಾಗಕ್ಕೂ ಎಷ್ಟು ವ್ಯತ್ಯಾಸ ನೋಡಿ. 4 ಮಿಮೀ ಇದೆ ಅನ್ನೋಣ. ವಾಪಸ್ ಕಂಡ 226ರಲ್ಲಿ ಅದೇ ದಿಕ್ಕಿನಲ್ಲಿ 2 ಮಿಮೀ. ಗ್ಯಾಪ್ ಉದ್ದಕ್ಕೂ ಈ ತಿದ್ದುಪಡಿಯನ್ನು 4ರಿಂದ 2ಕ್ಕೆ ನಿಧಾನವಾಗಿ ಇಳಿಸುತ್ತಾ ಸೇರಿಸಿ, ನಡುವಿನಲ್ಲಿ ಅದು ಸುಮಾರು 3 ಆಗುತ್ತದೆ. ಎರಡೂ ತುದಿ ಸರಿಯಾಗಿ ಕೂಡುತ್ತವೆ, ನಡುವಿನ ಆಕಾರ ಮೂಳೆಯ ಚಲನೆಯಿಂದಲೇ ಬಂದಿರುತ್ತದೆ. ತುದಿಯ ವ್ಯತ್ಯಾಸ 4 ಮಿಮೀ ಬದಲು 20 ಬಂದರೆ ನಿಲ್ಲಿ. ಯಾವುದೋ ಮಾರ್ಕರ್ ಸರಿದಿದೆ ಅಥವಾ ಹೆಸರು ತಪ್ಪಿದೆ.

ಇದಕ್ಕೆ ಆ ಭಾಗದಲ್ಲಿ ಕನಿಷ್ಠ ಮೂರು ಮಾರ್ಕರ್ ಉಳಿದಿರಬೇಕು, ಮೂರೂ ಒಂದೇ ಗೆರೆಯಲ್ಲಿ ಇರಬಾರದು. ಮೂರಕ್ಕಿಂತ ಹೆಚ್ಚು ಉಳಿದಿದ್ದರೆ ಎಲ್ಲವನ್ನೂ ಒಟ್ಟಿಗೆ ಹೊಂದಿಸುವ ಲೆಕ್ಕ ಇನ್ನೂ ಗಟ್ಟಿ. ಸೋಡರ್‌ಕ್ವಿಸ್ಟ್ ಮತ್ತು ವೆಡಿನ್ 1993ರಲ್ಲಿ ವಿವರಿಸಿದ ವಿಧಾನ ಅದು, ಪೈಥಾನ್‌ನಲ್ಲಿ ಹತ್ತು ಸಾಲಿನ ಕೋಡ್. ಆ ಹುಡುಗನ ಕಾಲಿಗೆ ನಾವು ಪಟ್ಟಿಯ ನಾಲ್ಕು ಮಾರ್ಕರ್ ಕಟ್ಟಿರಲಿಲ್ಲ. ಮೊಣಕಾಲಿನದು ಹೋದ ಮೇಲೆ ಕೆಳಭಾಗದಲ್ಲಿ ಉಳಿದದ್ದು ಎರಡೇ. ಅದಕ್ಕೇ ಈ ದಾರಿ ನಮಗೆ ಮುಚ್ಚಿತ್ತು.

ಇನ್ನೂ ಎರಡು ವಿಧಾನ ಇವೆ. ಅದೇ ಟ್ರಯಲ್‌ನ ಬೇರೆ ಹೆಜ್ಜೆಯ ಆಕಾರವನ್ನು ತಂದು ಕೂರಿಸುವುದು ಒಂದು. ಒಂದೇ ಸಮನೆ ನಡೆಯುವ ಟ್ರೆಡ್‌ಮಿಲ್ ಡೇಟಾಗೆ ಇದು ಚೆನ್ನ. ಹೆಜ್ಜೆಯಿಂದ ಹೆಜ್ಜೆಗೆ ಬದಲಾಗುವ ಮಕ್ಕಳಿಗೆ ಇದನ್ನು ಬಳಸಬೇಡಿ, ಆ ಬದಲಾವಣೆಯೇ ನಾವು ಅಳೆಯಬೇಕಾದ್ದು. ಇನ್ನೊಂದು, ಎಲ್ಲ ಮಾರ್ಕರ್‌ಗಳೂ ಒಟ್ಟಿಗೆ ಹೇಗೆ ಚಲಿಸುತ್ತವೆ ಎಂದು ಕಲಿತು ಕಾಣೆಯಾದದ್ದನ್ನು ಊಹಿಸುವುದು. ಪೀಟರ್ ಫೆಡರಾಲ್ಫ್ 2013ರಲ್ಲಿ ಪ್ರಕಟಿಸಿದ ದಾರಿ ಇದು. ಗ್ಯಾಪ್ ಉದ್ದ ಇದ್ದಾಗ ಸ್ಪ್ಲೈನ್‌ಗಿಂತ ಎಷ್ಟೋ ಮೇಲು. ಆದರೆ ಕಲಿಯಲು ಆ ಮಾರ್ಕರ್ ಚೆನ್ನಾಗಿ ಕಂಡ ಫ್ರೇಮ್‌ಗಳು ಸಾಕಷ್ಟು ಬೇಕು, ಅವು ಆ ವ್ಯಕ್ತಿಯವೇ ಆಗಿರಬೇಕು.

ಹಂತ 4: ಕತ್ತರಿಸಿ ನೋಡುವ ಪರೀಕ್ಷೆ

ತುಂಬಿದ್ದು ಸರಿಯೋ ತಪ್ಪೋ ಹೇಗೆ ಗೊತ್ತಾಗಬೇಕು? ನಿಜವಾದ ದಾರಿ ಕಳೆದುಹೋಗಿದೆ ಅಲ್ವಾ? ಉತ್ತರ ನಿಮ್ಮ ಹತ್ತಿರವೇ ಇದೆ. ಅದೇ ವ್ಯಕ್ತಿಯ ಗ್ಯಾಪ್ ಇಲ್ಲದ ಟ್ರಯಲ್ ತೆಗೆದುಕೊಳ್ಳಿ. ಅದೇ ಮಾರ್ಕರನ್ನು, ಹೆಜ್ಜೆಯ ಅದೇ ಹೊತ್ತಿನಲ್ಲಿ, ಅಷ್ಟೇ ಫ್ರೇಮ್ ಬೇಕೆಂದೇ ಅಳಿಸಿ. ಅದೇ ವಿಧಾನದಲ್ಲಿ ತುಂಬಿ. ಅಳಿಸಿದ್ದಕ್ಕೂ ತುಂಬಿದ್ದಕ್ಕೂ ಎಷ್ಟು ವ್ಯತ್ಯಾಸ ಅಳೆಯಿರಿ. ಮಾರ್ಕರಿನ ಮಿಮೀ ಮಾತ್ರ ಸಾಲದು, ಕೊನೆಗೆ ಬರುವ ಕೋನದಲ್ಲಿ ಎಷ್ಟು ಡಿಗ್ರಿ ಎಂದೂ ನೋಡಿ.

ಹುಡುಗನ ಡೇಟಾದಲ್ಲಿ ನನಗೆ ಒಂದು ಅನುಮಾನ ಇತ್ತು. ಗ್ಯಾಪ್ ಇಲ್ಲದ ಎರಡು ಟ್ರಯಲ್‌ಗಳಲ್ಲಿ ತಾಯಿ ಬಲಗಡೆ ಇದ್ದರು. ಹಿಡಿದ ಕೈ ಬದಲಾದದ್ದಕ್ಕೇ ಮೊಣಕಾಲು 47 ಮಡಚಿರಬಹುದಲ್ಲ? ಒಳ್ಳೆಯ ಟ್ರಯಲ್‌ನಲ್ಲಿ 22 ಫ್ರೇಮ್ ಅಳಿಸಿ ಸ್ಪ್ಲೈನ್‌ನಿಂದ ತುಂಬಿದೆ. 47 ಇದ್ದದ್ದು 39 ಆಯಿತು. ತಪ್ಪು ಕಾಲಿನದಲ್ಲ, ತುಂಬಿದ ಗೆರೆಯದು.

ಇನ್ನೂ ಮೂರು ಬೇಗನೆ ಮಾಡುವ ಪರೀಕ್ಷೆಗಳಿವೆ. ಒಂದೇ ಭಾಗದ ಎರಡು ಮಾರ್ಕರ್‌ಗಳ ನಡುವಿನ ದೂರದ ಗ್ರಾಫ್ ಹಾಕಿ. ಚರ್ಮ ಜಾರುವುದರಿಂದ ಅದು ಸ್ವಲ್ಪ ಏರಿಳಿಯುವುದು ಸಹಜ, ಹಾಗಾಗಿ ಒಳ್ಳೆಯ ಟ್ರಯಲ್‌ನ ಅದೇ ಹೊತ್ತಿನ ದೂರದ ಜೊತೆ ಹೋಲಿಸಿ. ಹುಡುಗನ ಮೊಣಕಾಲಿನಿಂದ ಪಾದದ ಗಂಟಿನವರೆಗಿನ ದೂರ ಗ್ಯಾಪ್ ಒಳಗೆ ಮಾತ್ರ 9 ಮಿಮೀ ಕಡಿಮೆಯಾಗಿತ್ತು. ಮೂಳೆ ಹಾಗೆ ಕುಗ್ಗುವುದಿಲ್ಲ. ಎರಡನೆಯದು, ಹಿಮ್ಮಡಿ ಮಾರ್ಕರಿನ ಎತ್ತರ. ಪಾದ ನೆಲದ ಮೇಲಿದ್ದಾಗ ಅದು ಸುಮ್ನೆ ನಿಂತಾಗ ಇದ್ದ ಎತ್ತರಕ್ಕಿಂತ ಕೆಳಗೆ ಹೋದರೆ ಹಿಮ್ಮಡಿ ನೆಲದೊಳಗೆ ಹೂತುಹೋಗಿದೆ ಎಂದಾಯಿತು. ಮೂರನೆಯದು, ಮಾರ್ಕರಿನ ವೇಗದ ಗ್ರಾಫ್. ಜಾಗದ ಗ್ರಾಫ್‌ನಲ್ಲಿ ಕಾಣದ ಬೆಸುಗೆ ವೇಗದ ಗ್ರಾಫ್‌ನಲ್ಲಿ ಮೆಟ್ಟಿಲಿನಂತೆ ಎದ್ದು ಕಾಣುತ್ತದೆ.

ಹಂತ 5: ಫಿಲ್ಟರ್ ಆಮೇಲೆ

ತುಂಬಿದ ನಂತರವೇ ಫಿಲ್ಟರ್, ಅಂದರೆ ಗೆರೆಯ ಸಣ್ಣ ನಡುಕ ತೆಗೆಯುವ ಲೆಕ್ಕ, ಹಾಕಿ. ನಡಿಗೆಗೆ 6 ಹರ್ಟ್ಸ್ ಸುಮಾರಿನ ನಾಲ್ಕನೇ ದರ್ಜೆಯ ಬಟರ್‌ವರ್ತ್ ಎಂಬ ಫಿಲ್ಟರ್ ರೂಢಿಯಲ್ಲಿದೆ. ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಓಡಿಸಿದರೆ ಸಮಯ ಸರಿಯುವುದಿಲ್ಲ. ಗ್ಯಾಪ್ ಇರುವಾಗಲೇ ಹಾಕಿದರೆ ಖಾಲಿ ಜಾಗ ಅಕ್ಕಪಕ್ಕದ ಒಳ್ಳೆಯ ಫ್ರೇಮ್‌ಗಳನ್ನೂ ಹಾಳು ಮಾಡುತ್ತದೆ. ಕೆಟ್ಟದಾಗಿ ತುಂಬಿದ್ದನ್ನು ಫಿಲ್ಟರ್ ಸರಿಮಾಡುವುದಿಲ್ಲ, ಕಣ್ಣಿಗೆ ಕಾಣದಂತೆ ಮಾಡುತ್ತದೆ. ಅದು ಇನ್ನೂ ಅಪಾಯ.

ಹಂತ 6: ಬಿಡುವುದು, ಬರೆಯುವುದು

ಕೆಂಪು ಗುರುತಿನ ಜಾಗದಲ್ಲಿ ಗ್ಯಾಪ್ ಇದೆ, ರಿಜಿಡ್ ಬಾಡಿಗೆ ಮಾರ್ಕರ್ ಸಾಲದು, ಕತ್ತರಿಸಿ ನೋಡಿದಾಗ ಕೋನ 5 ಡಿಗ್ರಿಗಿಂತ ಜಾಸ್ತಿ ತಪ್ಪುತ್ತಿದೆ. ಇಷ್ಟಾದರೆ ನಾನು ಆ ಹೆಜ್ಜೆಯನ್ನು ಬಿಡುತ್ತೇನೆ. ಇಡೀ ಟ್ರಯಲ್ ಬಿಡಬೇಕಿಲ್ಲ. ಎಡ ಮೊಣಕಾಲಿನ ಕೋನ ಬಿಟ್ಟು ಬಲಗಾಲಿನ ಲೆಕ್ಕ ಉಳಿಸಿಕೊಳ್ಳಬಹುದು.

ವರದಿಯಲ್ಲಿ ತುಂಬಿದ ಭಾಗವನ್ನು ಚುಕ್ಕೆ ಗೆರೆಯಲ್ಲಿ ತೋರಿಸಿ. ಕೆಳಗೆ ಎರಡು ಸಾಲು ಬರೆಯಿರಿ. ನಾವು ಬರೆಯುವುದು ಹೀಗೆ: "ಟ್ರಯಲ್ 3: ಸೊಂಟದ ಮುಂದಿನ ಎಡ ಮಾರ್ಕರ್, ಫ್ರೇಮ್ 212ರಿಂದ 225, ರಿಜಿಡ್ ಬಾಡಿ ವಿಧಾನ, ತುದಿಯ ವ್ಯತ್ಯಾಸ 4 ಮತ್ತು 2 ಮಿಮೀ. ಟ್ರಯಲ್ 5: ಎಡ ಮೊಣಕಾಲಿನ ಕೋನ ಬಿಡಲಾಗಿದೆ." ಸರ್ಜನ್‌ಗೆ ಈ ಎರಡು ಸಾಲು ಓದಲು ಹತ್ತು ಸೆಕೆಂಡ್ ಸಾಕು. ಯಾವ ಸಂಖ್ಯೆಯನ್ನು ಎಷ್ಟು ನಂಬಬೇಕು ಎಂದು ಅವರಿಗೆ ತಿಳಿಯುತ್ತದೆ.

ಆ ಹುಡುಗನನ್ನು ಮುಂದಿನ ವಾರ ಮತ್ತೆ ಕರೆಸಿದೆವು, ಬಸ್ಸಿನ ಖರ್ಚು ನಾವೇ ಕೊಟ್ಟೆವು. ಮೊಣಕಾಲ ಕೆಳಗೆ ನಾಲ್ಕು ಮಾರ್ಕರಿನ ಪಟ್ಟಿ ಕಟ್ಟಿದೆವು. "ಅಕ್ಕಾರ, ಇವತ್ತ ಬಲಗಡಿ ನಡೀರಿ, ನೆರಿಗಿ ಸ್ವಲ್ಪ ಎತ್ತಿ ಸಿಗಿಸ್ಕೊಳ್ರಿ" ಎಂದು ನಮ್ಮ ಫಿಸಿಯೋ ತಾಯಿಗೆ ಹೇಳಿದರು. ಆರು ಸಲ ನಡೆಸಿದೆವು, ಪ್ರತಿ ಸಲವೂ ಅಲ್ಲೇ ಪರದೆ ನೋಡಿದೆವು. ಎಡ ಮೊಣಕಾಲಿನಲ್ಲಿ ಒಂದೇ ಒಂದು ಗ್ಯಾಪ್ ಬಿತ್ತು. ನಾಲ್ಕು ಫ್ರೇಮ್, ಪಾದ ನೆಲದ ಮೇಲೆ ಸಮನಾಗಿ ಕೂತ ಹೊತ್ತಿನಲ್ಲಿ. ಅದನ್ನು ಸ್ಪ್ಲೈನ್‌ನಿಂದ ತುಂಬಿ, ಹಾಳೆಯಲ್ಲಿ ಬರೆದು, ವರದಿ ಕಳಿಸಿದೆ.